ಹೊಗೆಸೊಪ್ಪಿನ ಗಂಟು

ನಾನು ಪಿರಿಯಾಪಟ್ಟಣದ ಕಡೆಯವಳು. ಇಷ್ಟು ಹೇಳಿದರೆ ಸಾಕು, ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು ಅಂತ ಮೈಸೂರು ಸೀಮೆಯವರಿಗೆ ಗೊತ್ತಾಗುತ್ತದೆ. ಮಳೆಗಾಲದ ಬೆಳಿಗ್ಗೆ ಸೊಪ್ಪು ಮುರಿಯಲು ಹೋದರೆ ಕೈಗೆ ಕಪ್ಪನೆಯ ಅಂಟು ಮೆತ್ತಿಕೊಳ್ಳುತ್ತಿತ್ತು. ಎಲೆ ಒದ್ದೆ ಇದ್ದ ದಿನ ತಲೆ ಸುತ್ತಿ ವಾಂತಿ ಬರುತ್ತಿತ್ತು. ಆಮೇಲೆ ಕಡ್ಡಿಗೆ ಕಟ್ಟಿ, ಸೊಪ್ಪು ಕಾಯಿಸಿ ಒಣಗಿಸುವ ಮನೆ, ಅಂದರೆ ಬ್ಯಾರನ್‌ಗೆ ಏರಿಸುವುದು, ರಾತ್ರಿಯೆಲ್ಲ ಸೌದೆ ಒಟ್ಟುವುದು, ಬೇಲು ಕಟ್ಟಿ ಹರಾಜಿಗೆ ಒಯ್ಯುವುದು. ಬ್ರೈಟ್ ಗ್ರೇಡ್ ಸಿಕ್ಕ ದಿನ ಅಪ್ಪ ಜಿಲೇಬಿ ತರುತ್ತಿದ್ದರು. ಲೋ ಗ್ರೇಡ್ ಆದ ದಿನ ಮಾತಾಡದೆ ಮಲಗುತ್ತಿದ್ದರು.

ಹಾಗಾಗಿ ಹೊಗೆಸೊಪ್ಪು ಅಂದರೆ ನನಗೆ ಸಾಲ, ಸೌದೆ, ಕೆಮ್ಮು. ಎಲೆಅಡಿಕೆ ಜೊತೆ ಸೇರಿ ನಮ್ಮಜ್ಜಿಯ ದವಡೆಯನ್ನೇ ತಿಂದುಹಾಕಿದ ವಸ್ತು ಅದು.

ಕೆನಡಾದಲ್ಲಿ ಸೋಷಿಯಲ್ ವರ್ಕ್ ಓದಲು ಸೇರಿದ ಮೊದಲ ಚಳಿಗಾಲ ಒಂದು ತರಗತಿ ಇತ್ತು. ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನರ ಸಂಸ್ಕೃತಿ, ಅವರು ನೋವು ಮಾಯಿಸಿಕೊಳ್ಳುವ ದಾರಿಗಳು, ಇದು ವಿಷಯ. ಪಾಠ ಶುರುವಾದ ವಾರವೇ ಮೇಡಂ ಹೇಳಿದರು: ಒಂದು ಹಿಡಿ ಹೊಗೆಸೊಪ್ಪನ್ನು ಸಣ್ಣ ಬಟ್ಟೆಯಲ್ಲಿ ಗಂಟು ಕಟ್ಟಿ, ಹಿರಿಯರೊಬ್ಬರ ಹತ್ತಿರ ಹೋಗಿ, ಅದನ್ನು ಕೊಟ್ಟು, ಒಂದು ಪ್ರಶ್ನೆ ಕೇಳಿ ಬನ್ನಿ. ನನಗೆ ನಗು ಬಂತು. ಹದಿಮೂರು ಸಾವಿರ ಕಿಲೋಮೀಟರ್ ಓಡಿ ಬಂದರೂ ಈ ಸೊಪ್ಪು ನನ್ನನ್ನು ಬಿಡಲಿಲ್ಲವಲ್ಲ!

ಅವರ ಭಾಷೆಯಲ್ಲಿ ಅದು ಅಸೇಮಾ. ನಾಲ್ಕು ಪವಿತ್ರ ಔಷಧಗಳಲ್ಲಿ ಮೊದಲನೆಯದು. ಉಳಿದ ಮೂರು ಗೀಝಿಕ್ ಅನ್ನುವ ಸೀಡರ್ ಮರದ ಎಲೆ, ಮಶ್ಕೊದೇವಶ್ಕ್ ಅನ್ನುವ ಸೇಜ್, ವೀಂಗಶ್ಕ್ ಅನ್ನುವ ಸುವಾಸನೆಯ ಹುಲ್ಲು. ಆ ಹುಲ್ಲನ್ನು ಜಡೆ ಹೆಣೆದು ಇಡುತ್ತಾರೆ, ಅದು ಭೂಮಿತಾಯಿಯ ಕೂದಲು ಅಂತ. ಅಸೇಮಾವನ್ನು ಸೇದಲೆಂದು ಕೊಡುವುದಲ್ಲ. ಗಿಡದಿಂದ ಏನಾದರೂ ಕೀಳುವ ಮೊದಲು ಬುಡದಲ್ಲಿ ಒಂದು ಚಿಟಿಕೆ ಇಡುತ್ತಾರೆ. ನೀರಿಗೆ ಇಳಿಯುವ ಮೊದಲು ನೀರಿಗೆ ಬಿಡುತ್ತಾರೆ. ಮನುಷ್ಯರಿಂದ ಮಾತು ಬೇಕಾದರೂ ಹಾಗೇ, ಮೊದಲು ಕೊಡಬೇಕು. ಎದುರಿನವರು ಗಂಟನ್ನು ತೆಗೆದುಕೊಂಡರೆ ಒಪ್ಪಿದರು ಅಂತ. ತೆಗೆದುಕೊಳ್ಳದೆಯೂ ಇರಬಹುದು. ಆಗ ಸುಮ್ನೆ ವಾಪಸ್ ಬರಬೇಕು.

ವೀಳ್ಯ ಕೊಟ್ಟು ಕರೆಯುವ ಊರಿನವಳಿಗೆ ಇದು ಅರ್ಥವಾಗದ ಮಾತೇನಲ್ಲ. ಆದರೆ ಅರ್ಥವಾಯಿತು ಅಂದುಕೊಂಡದ್ದೇ ನನ್ನ ತೊಂದರೆಯೂ ಆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ನಾನಿರುವ ಊರು ಸೂ ಸೇಂಟ್ ಮರಿ. ಇಲ್ಲಿಯವರು ಚುಟುಕಾಗಿ 'ದ ಸೂ' ಅನ್ನುತ್ತಾರೆ. ಸುಪೀರಿಯರ್ ಸರೋವರದ ನೀರು ಹ್ಯೂರಾನ್ ಸರೋವರಕ್ಕೆ ಇಳಿಯುವ ನದಿಯ ದಂಡೆ ಇದು. ಆ ಕಡೆ ಅಮೆರಿಕ, ಈ ಕಡೆ ಕೆನಡಾ. ಗಡಿ ಬರುವ ಮೊದಲು ಇದಕ್ಕೆ ಇದ್ದ ಹೆಸರು ಬಾವಾಟಿಂಗ್, ನೀರು ರಭಸವಾಗಿ ಧುಮುಕುವ ಜಾಗ. ಒಜಿಬ್ವೆ, ಒಡಾವಾ, ಪೊಟವಾಟೊಮಿ ಮತ್ತು ಇನ್ನೂ ಕೆಲವು ಜನ ಸೇರಿ ಅನಿಶಿನಾಬೆಗಳು. ಮಹಾಸರೋವರಗಳ ಸುತ್ತಲೂ ಇವರ ನೆಲ. ಪೂರ್ವದ ಸಮುದ್ರದ ಕಡೆಯಿಂದ ಹೊರಟು, 'ನೀರಿನ ಮೇಲೆ ಅನ್ನ ಬೆಳೆಯುವ ಕಡೆಗೆ ಹೋಗಿ' ಅನ್ನುವ ಮಾತು ಹಿಡಿದು ಬಂದವರು ಅಂತ ಅವರ ಕಥೆ. ಆ ಅನ್ನ ಅಂದರೆ ಮನೋಮಿನ್, ಕೆರೆಗಳಲ್ಲಿ ತಾನಾಗಿ ಬೆಳೆಯುವ ಕಪ್ಪು ಅಕ್ಕಿ.

ಊರಿನಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಗಾರ್ಡನ್ ರಿವರ್. ಅಲ್ಲಿ ಒಂದು ಹಳೇ ರೈಲ್ವೆ ಸೇತುವೆ ಇದೆ. ಅದರ ಮೇಲೆ ದೊಡ್ಡ ಬಿಳಿ ಅಕ್ಷರದಲ್ಲಿ 'ದಿಸ್ ಈಸ್ ಇಂಡಿಯನ್ ಲ್ಯಾಂಡ್' ಅಂತ ಬರೆದಿದ್ದಾರೆ. ಬಂದ ಹೊಸದರಲ್ಲಿ ನಾವು ನಾಲ್ಕು ಜನ ಭಾರತದ ಹುಡುಗಿಯರು ಅದರ ಮುಂದೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡೆವು. ಆ ಫೋಟೋ ಈಗ ನೋಡಿದರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. 1850ರಲ್ಲಿ ಈ ನೆಲದ ಬಗ್ಗೆ ಆದ ಒಪ್ಪಂದದ ಪ್ರಕಾರ ಅನಿಶಿನಾಬೆಗಳಿಗೆ ವರ್ಷಕ್ಕೆ ಇಷ್ಟು ಅಂತ ಹಣ ಕೊಡಬೇಕಿತ್ತು. ನೆಲದ ಆದಾಯ ಹೆಚ್ಚಿದರೆ ಹಣವೂ ಹೆಚ್ಚಬೇಕಿತ್ತು. 1875ರ ಹೊತ್ತಿಗೆ ತಲೆಗೆ 4 ಡಾಲರ್ ಆದದ್ದು ಅಲ್ಲೇ ನಿಂತುಬಿಟ್ಟಿತು. ಗಣಿ, ಕಾಡು, ರೈಲು, ಉಕ್ಕಿನ ಕಾರ್ಖಾನೆ ಎಲ್ಲ ಬಂದವು, 4 ಡಾಲರ್ ಮಾತ್ರ ಅಲುಗಲಿಲ್ಲ. ಕೋರ್ಟು ಕಚೇರಿ ಅಲೆದು 2023ರಲ್ಲಿ ಹಳೇ ಬಾಕಿಗೆ 1,000 ಕೋಟಿ ಡಾಲರ್ ಅಂತ ಒಪ್ಪಂದವಾಯಿತು. ಆ ಸೇತುವೆಯ ಅಕ್ಷರಗಳಿಗೆ ಇಂಥ ಹಿಂದಿನ ಲೆಕ್ಕ ಇದೆ.

ನಾವು ಓದುವ ಕಟ್ಟಡಕ್ಕೂ ಇದೆ. ಶಿಂಗ್ವಾಕ್ ಹಾಲ್ ಅಂತ ಹೆಸರು. ಶಿಂಗ್ವಾಕೊನ್ಸ್ ಅನ್ನುವ ಅನಿಶಿನಾಬೆ ಮುಖಂಡ ತನ್ನ ಮಕ್ಕಳು ತಮ್ಮ ವಿದ್ಯೆಯನ್ನೂ ಬಿಳಿಯರ ವಿದ್ಯೆಯನ್ನೂ ಒಟ್ಟಿಗೆ ಕಲಿಯುವ ಒಂದು ಗುಡಾರದ ಕನಸು ಕಂಡಿದ್ದ. ಅವನ ಮಗ ಅಗಸ್ಟೀನ್ 1871ರಲ್ಲಿ ಟೊರೊಂಟೊ ತನಕ ಹೋಗಿ ಅದಕ್ಕಾಗಿ ಕೇಳಿಕೊಂಡ. ಶಾಲೆ ಬಂತು. ಆದರೆ ಬಂದದ್ದು ಅವರು ಕೇಳಿದ ಶಾಲೆಯಲ್ಲ. ಮಕ್ಕಳನ್ನು ಮನೆಯಿಂದ ಕಿತ್ತು ತಂದು, ಅವರ ಭಾಷೆ ಬಿಡಿಸಿ, ಹೆಸರು ಬಿಡಿಸಿ ಬೆಳೆಸುವ ವಸತಿ ಶಾಲೆ. ಈಗಿನ ಕಟ್ಟಡ 1935ರದ್ದು. ಶಾಲೆ 1970ರಲ್ಲಿ ಮುಚ್ಚಿತು. ಈಗ ಅದೇ ಗೋಡೆಗಳ ನಡುವೆ ಅಲ್ಗೋಮಾ ವಿಶ್ವವಿದ್ಯಾಲಯ ನಡೆಯುತ್ತದೆ. ಹಿಂಭಾಗದಲ್ಲಿ ಸ್ಮಶಾನವಿದೆ, ಶಾಲೆಯಿಂದ ಮನೆಗೆ ಮರಳದ ಮಕ್ಕಳದ್ದು. 1981ರಲ್ಲಿ ಇಲ್ಲಿ ಓದಿದವರು ಮೊದಲ ಸಲ ಇಲ್ಲೇ ಒಟ್ಟು ಸೇರಿದರು. ತಮಗಾದದ್ದನ್ನು ಬಾಯಿಬಿಟ್ಟು ಹೇಳಿಕೊಂಡರು. ಆ ಹಿರಿಯರಲ್ಲಿ ಕೆಲವರು ಈಗಲೂ ಬಂದು ನಮ್ಮೊಂದಿಗೆ ಕೂರುತ್ತಾರೆ. ಆ ಓಣಿಯಲ್ಲಿ ಕಾಫಿ ಕಪ್ ಹಿಡಿದು ನಡೆಯುವಾಗ ನನ್ನ ಹೆಜ್ಜೆ ಸಣ್ಣಗಾಗುತ್ತದೆ.

ಕೆನಡಾದಲ್ಲಿ ಒಟ್ಟು ಸುಮಾರು 1,50,000 ಮಕ್ಕಳು ಇಂಥ ಶಾಲೆಗಳನ್ನು ಹಾದುಹೋದರು. ಕೊನೆಯದು ಮುಚ್ಚಿದ್ದು 1990ರ ದಶಕದಲ್ಲಿ. ಇದನ್ನು ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಮಾಡಬೇಕಾದ 94 ಕೆಲಸಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಮೊಟ್ಟಮೊದಲನೆಯದು ಏನು ಗೊತ್ತಾ? ಮಕ್ಕಳ ರಕ್ಷಣೆ. ಅದರೊಳಗೆ ಒಂದು ಮಾತು ನೇರವಾಗಿ ನಮ್ಮ ಕೆಲಸದವರಿಗೇ ಇದೆ: ಸೋಷಿಯಲ್ ವರ್ಕರ್‌ಗಳು ಈ ಇತಿಹಾಸ ಕಲಿತಿರಬೇಕು, ಕುಟುಂಬದ ಗಾಯ ಮಾಯಿಸುವ ದಾರಿ ಆ ಜನರ ಬಳಿಯೇ ಇರಬಹುದು ಅನ್ನುವುದನ್ನೂ ತಿಳಿದಿರಬೇಕು ಅಂತ. ಯಾಕೆ ನಮಗೇ ಅಂದರೆ, ವಸತಿ ಶಾಲೆಗಳ ಕಾಲ ಇಳಿಯುತ್ತಿದ್ದ ಹಾಗೆ ಮಕ್ಕಳನ್ನು ಮನೆಯಿಂದ ಒಯ್ಯುವ ಕೆಲಸ ನಮ್ಮ ವೃತ್ತಿಯವರ ಕೈಗೆ ಬಂತು. ಫೈಲು ಹಿಡಿದು, ಕಾರಿನಲ್ಲಿ ಬಂದು. 2021ರ ಜನಗಣತಿಯಲ್ಲಿ 14 ವರ್ಷದವರೆಗಿನ ಮಕ್ಕಳ ಪೈಕಿ ಮೂಲನಿವಾಸಿಗಳು ಶೇ. 7.7. ಸಾಕುಮನೆಗಳಲ್ಲಿದ್ದ ಆ ವಯಸ್ಸಿನ ಮಕ್ಕಳ ಪೈಕಿ ಶೇ. 53.8.

ಈ ಎರಡು ಅಂಕಿ ಬೋರ್ಡ್ ಮೇಲೆ ಬರೆದ ದಿನ ತರಗತಿಯಲ್ಲಿ ಯಾರೂ ಪೆನ್ನು ಅಲ್ಲಾಡಿಸಲಿಲ್ಲ.

ಸರಿ, ನನ್ನ ಗಂಟಿನ ವಿಷಯಕ್ಕೆ ಬರುತ್ತೇನೆ. ಕೆಂಪು ಬಟ್ಟೆ ಕತ್ತರಿಸಿ, ಹೊಗೆಸೊಪ್ಪು ಇಟ್ಟು, ನೂಲು ಸುತ್ತಿ, ಎಂಬತ್ತರ ಹತ್ತಿರದ ಅಜ್ಜಿಯೊಬ್ಬರ ಮನೆಗೆ ಹೋದೆ. ಅವರ ಹೆಸರು ಬರೆಯುವುದಿಲ್ಲ. ಗಂಟನ್ನು ಎಡಗೈಯಲ್ಲಿ ಕೊಟ್ಟೆ. ನಮ್ಮಲ್ಲಿ ಎಡಗೈಲಿ ಕೊಟ್ಟರೆ ಬೈತಾರೆ. ಇಲ್ಲಿ ಎಷ್ಟೋ ಜನ ಎಡಗೈಯನ್ನೇ ಮುಂದೆ ಮಾಡುತ್ತಾರೆ, ಅದು ಹೃದಯದ ಪಕ್ಕದ ಕೈ ಅಂತ. ಅವರು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ನಾನು ತಯಾರಿ ಮಾಡಿಕೊಂಡು ಹೋದ ಪ್ರಶ್ನೆ ಕೇಳಿದೆ: "ಡಿಪ್ರೆಶನ್‌ಗೆ ನಿಮ್ಮಲ್ಲಿ ಏನು ಮಾಡುತ್ತೀರಿ?"

ಅವರು ಕೇಳಿದರು: "ಯಾರಿಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರಿಗೂ ಅಲ್ಲ. ಪರೀಕ್ಷೆಗೆ.

ಆಮೇಲೆ ಅವರು ಎರಡು ಗಂಟೆ ಮೀನಿನ ಕಥೆ ಹೇಳಿದರು. ಬಾವಾಟಿಂಗ್‌ನ ರಭಸದಲ್ಲಿ ದೋಣಿ ನಿಲ್ಲಿಸಿಕೊಂಡು ಉದ್ದ ಕೋಲಿನ ಬಲೆಯಿಂದ ಅಡಿಕಮೇಗ್ ಅನ್ನುವ ಬಿಳಿ ಮೀನು ಎತ್ತುತ್ತಿದ್ದದ್ದು. ಹಡಗು ಹೋಗಲು ಕಾಲುವೆ ತೋಡಿ, ಅಡ್ಡಗಟ್ಟೆ ಕಟ್ಟಿ, ನೀರಿನ ಆ ಸದ್ದೇ ಸಣ್ಣಗಾದದ್ದು. ಅವರ ಅಪ್ಪ ಆ ಸದ್ದು ಇಲ್ಲದೆ ನಿದ್ದೆ ಬಾರದೆ ಎದ್ದು ಕೂರುತ್ತಿದ್ದದ್ದು. ನಾನು ಮಧ್ಯೆ ಮಧ್ಯೆ ಪ್ರಶ್ನೆಗೆ ಎಳೆಯಲು ನೋಡಿದೆ. ಅವರು ಬರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು 'ಏನೂ ಸಿಗಲಿಲ್ಲ' ಅಂತ ನೋಟ್ಸ್ ಬರೆದೆ. ಆ ಪುಟ ಇನ್ನೂ ಇದೆ. ನಿದ್ದೆ ಬಾರದೆ ಎದ್ದು ಕೂರುತ್ತಿದ್ದ ಅಪ್ಪನ ಬಗ್ಗೆ ಆ ಪುಟದಲ್ಲಿ ಒಂದು ಸಾಲೂ ಇಲ್ಲ.

ಇನ್ನೊಂದು ಚಟ ಇತ್ತು ನನಗೆ. ಏನು ಕೇಳಿದರೂ "ನಮ್ಮಲ್ಲೂ ಇದೆ" ಅನ್ನುವುದು. ಅವರು ಚಿಪ್ಪಿನಲ್ಲಿ ಸೇಜ್ ಎಲೆ ಹೊತ್ತಿಸಿ, ಹೊಗೆಯನ್ನು ಕೈಯಿಂದ ಕಣ್ಣಿಗೆ, ತಲೆಗೆ, ಎದೆಗೆ ಎಳೆದುಕೊಳ್ಳುತ್ತಾರೆ. ನೋಡಿದ ತಕ್ಷಣ ನಾನು "ಓ, ಸಾಂಬ್ರಾಣಿ!" ಅಂದೆ. ಪಕ್ಕದಲ್ಲಿದ್ದ ಅನಿಶಿನಾಬೆ ಹುಡುಗಿ, ನನ್ನ ಸಹಪಾಠಿ, ಮೆಲ್ಲಗೆ ಅಂದಳು: "ನಿಮ್ಮ ಸಾಂಬ್ರಾಣಿ ಹಾಕಿದ್ದಕ್ಕೆ ನಿಮ್ಮಜ್ಜಿಯನ್ನು ಜೈಲಿಗೆ ಹಾಕಿದ್ದರಾ?" ಅವಳಿಗೆ ಕೋಪ ಇರಲಿಲ್ಲ. ಸುಮ್ನೆ ಕೇಳಿದಳು. ಇಲ್ಲಿ 1885ರಿಂದ ಕಾನೂನು ಮಾಡಿ ಮೂಲನಿವಾಸಿಗಳ ಆಚರಣೆಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಹೋದರು. ಆ ನಿಷೇಧ ಪುಸ್ತಕದಿಂದ ಹೋದದ್ದು 1951ರಲ್ಲಿ. ಎಷ್ಟೋ ಕಡೆ ಕಾಡಿನೊಳಗೆ ಕದ್ದು ಮಾಡಿ ಉಳಿಸಿಕೊಂಡರು. ಅಂಥದ್ದನ್ನು ನಾನು ಒಂದೇ ಪದದಲ್ಲಿ ನಮ್ಮ ದೇವರಮನೆಗೆ ತಂದು ಇಟ್ಟುಬಿಟ್ಟಿದ್ದೆ. "ನಮ್ಮಲ್ಲೂ ಇದೆ" ಅಂದ ಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ, ಅಲ್ವಾ?

ಅಷ್ಟಾದರೂ ಒಂದು ಕಡೆ ನಮ್ಮಲ್ಲಿ ಇರುವುದು ನನ್ನ ಕೈ ಹಿಡಿಯಿತು. ಅದು ನಂಟಿನ ವಿಷಯ.

ಪ್ರಾಕ್ಟಿಕಮ್‌ಗೆಂದು ಅಂದರೆ ಓದಿನ ಭಾಗವಾದ ಕೆಲಸದ ತರಬೇತಿಗೆ, ಒಂದು ಕಚೇರಿಯಲ್ಲಿದ್ದಾಗ ಒಬ್ಬ ಹುಡುಗನ ಫೈಲು ಬಂತು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತಿದ್ದೇನೆ. ಅವನು ಅಜ್ಜಿ ಮನೆಯಲ್ಲಿದ್ದ. ಮೂರು ಕೋಣೆ, ಎಂಟು ಜನ. ಫಾರಂನಲ್ಲಿ ತಲೆಗೆ ಎಷ್ಟು ಕೋಣೆ ಅಂತ ಲೆಕ್ಕ ಹಾಕುವ ಜಾಗ ಇತ್ತು. ಹಿಂದೆ ಬಂದಿದ್ದವರು ಅಂಚಿನಲ್ಲಿ ಬರೆದಿದ್ದರು: 'ಹುಡುಗ ತನಗೆ ನಾಲ್ಕು ಜನ ಅಣ್ಣತಮ್ಮಂದಿರು ಎನ್ನುತ್ತಾನೆ. ದಾಖಲೆಯಲ್ಲಿ ಒಬ್ಬ. ಹೇಳಿಕೆ ಹೊಂದುವುದಿಲ್ಲ.' ನಾನು ಓದಿ ಒಂದು ನಿಮಿಷ ಸುಮ್ಮನಿದ್ದೆ. ಆಮೇಲೆ ಕೇಳಿದೆ, ಉಳಿದ ಮೂವರು ಅವರ ಚಿಕ್ಕಮ್ಮನ ಮಕ್ಕಳಾ? ಹೌದು. ತಾಯಿಯ ತಂಗಿಯ ಮಕ್ಕಳು. ನನಗೂ ಹಾಗೆ ನೋಡಿದರೆ ಆರು ಜನ ಅಣ್ಣತಮ್ಮಂದಿರಿದ್ದಾರೆ, ನಮ್ಮವ್ವ ಹೆತ್ತದ್ದು ಒಬ್ಬನನ್ನ.

ಮೀನಿನ ಕಥೆ ಹೇಳಿದ ಅಜ್ಜಿಯ ಹತ್ತಿರ ಮತ್ತೆ ಹೋದೆ, ಗಂಟು ಹಿಡಿದು. ಈ ಸಲ ಕೇಳಲು ನಿಜವಾದ ಒಬ್ಬ ಹುಡುಗ ಇದ್ದ. ಹಿಂದಿನವರು ನಂಟರನ್ನು ಏನೇನು ಅಂತ ಕರೆಯುತ್ತಿದ್ದರು ಅಂತ ಕೇಳಿದೆ. ಅವರು ಒಂದೊಂದೇ ಹೇಳುತ್ತಾ ಹೋದರು. ಅಪ್ಪನ ಅಕ್ಕತಂಗಿ ನಿನ್‌ಜಿಗೊಸ್. ಮದುವೆಯಾದ ಮೇಲೆ ಬರುವ ಅತ್ತೆ ನಿನ್‌ಜಿಗೊಜಿಸ್. ನಾನು ಕಪ್ ಕೆಳಗಿಟ್ಟೆ. ಎರಡೂ ಒಂದೇ ಬೇರಿನ ಪದ. ನಮ್ಮಲ್ಲಿ ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ತಾಯಿಯ ತಂಗಿಗೆ ಬೇರೆ ಪದ, ಅವಳು ತಾಯಿಯ ಹಾಗೆ. ಅತ್ತೆಯ ಮಗನನ್ನೋ ಮಾವನ ಮಗನನ್ನೋ ಹುಡುಗಿ ಕರೆಯುವ ಪದ ನೀನಿಮೊಶೆ. ಅದಕ್ಕೆ ನಲ್ಲ ಅನ್ನುವ ಅರ್ಥವೂ ಇದೆಯಂತೆ. ಹೇಳಿ ಅವರು ಹುಡುಗಿಯ ಹಾಗೆ ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಇಂಗ್ಲಿಷಿನಲ್ಲಿ ಆಂಟ್, ಅಂಕಲ್, ಕಸಿನ್ ಅಂತ ಮೂರೇ ಪದದಲ್ಲಿ ಮುಗಿಸುವ ಜನರಿಗೆ ಆ ನಗು ವಿವರಿಸಲು ಅರ್ಧ ಗಂಟೆ ಬೇಕು.

ಇದು ನಾನೊಬ್ಬಳೇ ಕಂಡುಹಿಡಿದದ್ದಲ್ಲ. ಇಲ್ಲಿಂದ ನದಿ ದಾಟಿ ಸುಮಾರು ಮೂರು ಗಂಟೆ ಹೋದರೆ ಅಮೆರಿಕದ ಮಾರ್ಕೆಟ್ ಅನ್ನುವ ಊರು ಸಿಗುತ್ತದೆ. ಅಲ್ಲಿ 1858ರಲ್ಲಿ ಲೂಯಿಸ್ ಹೆನ್ರಿ ಮಾರ್ಗನ್ ಅನ್ನುವ ವಕೀಲ ಒಜಿಬ್ವೆ ಜನರ ನಂಟಿನ ಪದಗಳನ್ನು ಬರೆದುಕೊಂಡ. ಅವು ತಾನು ನ್ಯೂಯಾರ್ಕ್ ಕಡೆ ಇರಕ್ವಾ ಜನರಲ್ಲಿ ಕಂಡ ಪದ್ಧತಿಯ ಹಾಗೇ ಇವೆಯಲ್ಲ ಅಂತ ಬೆರಗಾದ. ಮರುವರ್ಷ ಮಿಷನರಿಯೊಬ್ಬರಿಂದ ತಮಿಳಿನ ಪದಗಳನ್ನು ತರಿಸಿದ. ಅಲ್ಲೂ ಹೆಚ್ಚುಕಡಿಮೆ ಅದೇ ಕಟ್ಟು. 1871ರಲ್ಲಿ ಅಚ್ಚಾದ ಅವನ ದೊಡ್ಡ ಪಟ್ಟಿಯಲ್ಲಿ ಒಜಿಬ್ವೆ, ತಮಿಳು, ತೆಲುಗಿನ ಜೊತೆ ಕನ್ನಡವೂ ಇದೆ. ಇದರಿಂದ ಅಮೆರಿಕದ ಮೂಲಜನ ಏಷ್ಯಾದಿಂದ ಬಂದದ್ದು ಸಾಬೀತಾಯಿತು ಅಂದುಕೊಂಡ ಅವನು. ಆ ಲೆಕ್ಕ ನಿಲ್ಲುವುದಿಲ್ಲ, ಬೇರೆ ಬೇರೆ ಕಡೆ ಜನ ಒಂದೇ ಥರ ಮನೆ ಕಟ್ಟಿಕೊಳ್ಳಬಹುದು. ಇವತ್ತಿಗೂ ಮಾನವಶಾಸ್ತ್ರದವರು ಈ ಥರದ ನಂಟಿಗೆ 'ದ್ರಾವಿಡ' ಪದ್ಧತಿ ಅಂತಲೇ ಹೆಸರಿಟ್ಟಿದ್ದಾರೆ, ಉತ್ತರದ ಒಜಿಬ್ವೆಗಳದ್ದಕ್ಕೂ.

ಟೋಟೆಮ್ ಅನ್ನುವ ಪದವನ್ನು ಕನ್ನಡದಲ್ಲೂ ಓದಿರುತ್ತೀರಿ. ಅದು ಹುಟ್ಟಿದ್ದು ಇವರ ಡೂಡೇಮ್ ಅನ್ನುವ ಪದದಿಂದ. ಕೊಕ್ಕರೆ, ಕರಡಿ, ಮೀನು, ಲೂನ್ ಹಕ್ಕಿ, ಹೀಗೆ ಒಂದೊಂದು ಕುಲ. ಒಂದೇ ಡೂಡೇಮ್‌ನವರು ಮದುವೆಯಾಗುವಂತಿಲ್ಲ. ನಮ್ಮ ಬೆಡಗು ಅತ್ತಿ, ನಮ್ಮಜ್ಜಿ ಅತ್ತಿ ಮರಕ್ಕೆ ಕೊಡಲಿ ಹಾಕಲು ಬಿಡುತ್ತಿರಲಿಲ್ಲ. ಇದನ್ನು ಮಾತ್ರ ನಾನಾಗಿ ಹೇಳಲಿಲ್ಲ. ಅಜ್ಜಿಯೇ ಕೇಳಿದರು, "ನಿನ್ನ ಡೂಡೇಮ್ ಯಾವುದು?" ಕೇಳಿದ್ದಕ್ಕೆ ಹೇಳಿದೆ. ಅವರು ತಲೆಯಾಡಿಸಿ, "ಸರಿ, ಈಗ ನೀನು ಯಾರು ಅಂತ ಗೊತ್ತಾಯಿತು" ಅಂದರು. ಹತ್ತು ಸಲ ಬಂದು ಹೋದ ಮೇಲೆ!

ಆ ಹುಡುಗನ ಫೈಲಿನಲ್ಲಿ ಅಂಚಿನ ಟಿಪ್ಪಣಿ ಹೊಡೆದುಹಾಕಿ ಅಂತ ಮೇಲಿನವರಿಗೆ ಬರೆದೆ. ನಂಟಿನ ನಕ್ಷೆಯಲ್ಲಿ ಚಿಕ್ಕಮ್ಮನನ್ನು ತಾಯಿಯ ಪಕ್ಕ ಹಾಕಿ, ಮನೆಯಲ್ಲಿ ಅವನನ್ನು ನೋಡಿಕೊಳ್ಳುವ ದೊಡ್ಡವರು ಒಬ್ಬರಲ್ಲ ನಾಲ್ವರು ಅಂತ ತೋರಿಸಿದೆ. ಹುಡುಗ ಅಲ್ಲೇ ಉಳಿದ. ನನ್ನಿಂದ ಅಂತ ಹೇಳಲಾರೆ. 2020ರಿಂದ ಜಾರಿಯಲ್ಲಿರುವ ಒಂದು ಕಾನೂನು ಮಗುವನ್ನು ಮೊದಲು ಮನೆಮಂದಿ, ನಂಟರ ಬಳಿಯೇ ಇಡಲು ನೋಡಬೇಕು ಅನ್ನುತ್ತದೆ. ಜೊತೆಗೆ ಆ ಹುಡುಗನ ಅಜ್ಜಿ ಗಟ್ಟಿಗಿತ್ತಿ.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಅಂಚಿನಲ್ಲಿ ಹಾಗೆ ಟಿಪ್ಪಣಿ ಬರೆಯುವ ಕೈ ನನಗೆ ಚೆನ್ನಾಗಿ ಗೊತ್ತು. ಮೈಸೂರಿನಲ್ಲಿ ಎಂಎಸ್‌ಡಬ್ಲ್ಯು ಮುಗಿಸಿ ಎರಡು ವರ್ಷ ಎಚ್.ಡಿ. ಕೋಟೆ ಕಡೆ ಜೇನುಕುರುಬರ ಹಾಡಿಗಳಲ್ಲಿ ಕೆಲಸ ಮಾಡಿದ್ದೆ. ಆಶ್ರಮ ಶಾಲೆ ಬಿಟ್ಟು ಹಾಡಿಗೆ ಓಡಿ ಬರುವ ಮಕ್ಕಳನ್ನು ಎಣಿಸಿ, ವಾಪಸ್ ಕಳಿಸುವುದು ನನ್ನ ಕೆಲಸ. ಜೇನಿನ ಕಾಲ ಬಂದರೆ ಮಕ್ಕಳು ನಿಲ್ಲುತ್ತಲೇ ಇರಲಿಲ್ಲ. ಕಾರಣ ಅನ್ನುವ ಕಾಲಂನಲ್ಲಿ ನಾನು ಪ್ರತಿ ಸಲವೂ ಒಂದೇ ಮಾತು ಬರೆದಿದ್ದೇನೆ: 'ಪೋಷಕರಿಗೆ ಶಿಕ್ಷಣದ ಮಹತ್ವ ಗೊತ್ತಿಲ್ಲ.' ನಲವತ್ತು ಮಕ್ಕಳಿಗೆ ನಲವತ್ತು ಸಲ. ಆಶ್ರಮ ಶಾಲೆಯೂ ಇಲ್ಲಿನ ವಸತಿ ಶಾಲೆಯೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಪೊಲೀಸರು ಬಂದು ಮಕ್ಕಳನ್ನು ಎಳೆದೊಯ್ಯಲಿಲ್ಲ. ಆದರೆ ನಾಗರಹೊಳೆಯ ಒಳಗಿನಿಂದ ಆ ಜನರನ್ನು ಹೊರಗೆ ತಂದು ಹಾಕಿದ್ದು ಗೊತ್ತಿದ್ದೂ, ಆ ಮಗು ಯಾಕೆ ಕಾಡಿನ ಕಡೆಗೇ ಓಡುತ್ತದೆ ಅಂತ ನಾನು ಒಂದು ಸಲವೂ ಕೇಳಲಿಲ್ಲ. ಹಾಡಿಯ ಹಿರಿಯರಿಗೆ ಒಂದು ಎಲೆಅಡಿಕೆ ಕೂಡ ಕೊಡದೆ ಎರಡು ವರ್ಷ ಅವರಿಂದ ಮಾಹಿತಿ ಬರೆದುಕೊಂಡೆ.

ಇನ್ನು ಬೆವರಿನ ಗುಡಿಸಲಿನ ಬಗ್ಗೆ. ಇವರ ಚಿಕಿತ್ಸೆ ಅಂದ ಕೂಡಲೇ ಜನ ಅದನ್ನೇ ಕೇಳುತ್ತಾರೆ. ಮದೂಡಿಸ್ವಾನ್ ಅಂತ ಹೆಸರು. ಬಳ್ಳಿಯ ಹಾಗೆ ಬಾಗುವ ವಿಲೋ ಕೊಂಬೆಗಳನ್ನು ಬಗ್ಗಿಸಿ ಗುಮ್ಮಟದಂತೆ ಕಟ್ಟಿ ಹೊದಿಸುತ್ತಾರೆ. ಹೊರಗೆ ಬೆಂಕಿಯಲ್ಲಿ ಕಲ್ಲು ಕಾಯಿಸಿ ಒಳಗಿನ ಗುಂಡಿಗೆ ತರುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಕತ್ತಲು, ನೀರು, ಹಬೆ, ಹಾಡು. ಆ ಕಲ್ಲುಗಳನ್ನು ಅಜ್ಜಂದಿರು ಅನ್ನುತ್ತಾರೆ. ಇವರ ವ್ಯಾಕರಣದಲ್ಲಿ ಗಂಡು ಹೆಣ್ಣು ಭೇದವಿಲ್ಲ, ಜೀವ ಇರುವುದು ಇಲ್ಲದ್ದು ಅನ್ನುವ ಭೇದ ಇದೆ. ಕಲ್ಲು, ಅಂದರೆ ಅಸಿನ್, ಜೀವ ಇರುವ ಕಡೆ ಸೇರುತ್ತದೆ. ನಾವು ಕನ್ನಡದವರು ಕಲ್ಲನ್ನೂ 'ಅದು' ಅನ್ನುತ್ತೇವೆ, ಮಗುವನ್ನೂ 'ಅದು' ಅನ್ನುತ್ತೇವೆ. ಮೇಲಿನ ಪ್ಯಾರಾದಲ್ಲಿ ನಾನೂ ಹಾಗೇ ಬರೆದಿದ್ದೇನೆ ನೋಡಿ.

ನನ್ನನ್ನು ಕರೆದ ಮೊದಲ ಸಲ ನಾನು ಒಳಗೆ ಹೋಗಲಿಲ್ಲ. ಮುಟ್ಟಾಗಿದ್ದೆ. ಮೂನ್ ಟೈಮ್‌ನಲ್ಲಿರುವ ಹೆಂಗಸರು ಒಳಗೆ ಬರುವುದಿಲ್ಲ ಅಂತ ಹೇಳಿದರು. ನನಗೆ ರೇಗಿತು. ನಾಲ್ಕು ದಿನ ಹೊರಗೆ ಕೂರುವ ಹೆಂಗಸರನ್ನು ನೋಡಿ ಬೆಳೆದವಳು ನಾನು. ಅಜ್ಜಿ ವಿವರಿಸಿದರು: ಇದು ಮೈಲಿಗೆಯಲ್ಲ, ಆಗ ಹೆಣ್ಣಿನ ಮೈಯಲ್ಲೇ ಅಂಥದ್ದೊಂದು ಶುದ್ಧಿ ನಡೆಯುತ್ತಿರುತ್ತದೆ, ಆ ಶಕ್ತಿ ದೊಡ್ಡದು, ಅದಕ್ಕೆ ಗುಡಿಸಲು ಬೇಕಿಲ್ಲ ಅಂತ. ಗೌರವದಿಂದ ಕೇಳಿದೆ. ಒಪ್ಪಿದೆ ಅಂತ ಹೇಳಲಾರೆ. ನಮ್ಮ ಊರಲ್ಲೂ ಈಚೆಗೆ ಶಕ್ತಿ ಅಂತಲೇ ಹೇಳುತ್ತಾರೆ. ಇವರ ಹುಡುಗಿಯರಲ್ಲೂ ಕೆಲವರು ಇದನ್ನು ಪ್ರಶ್ನೆ ಮಾಡುತ್ತಾರೆ. ಆ ಜಗಳ ಅವರದ್ದು, ಅವರೇ ಆಡಲಿ. ಅದರಲ್ಲಿ ತೀರ್ಪು ಕೊಡಲು ನನ್ನನ್ನು ಯಾರೂ ಕರೆದಿಲ್ಲ.

ಅವತ್ತು ನನಗೆ ಕೊಟ್ಟದ್ದು ಆಚೆಗಿದ್ದ ಅಡುಗೆ ಶೆಡ್ಡಿನ ಕೆಲಸ. ಸೀಡರ್ ಎಲೆ ಬಿಡಿಸುವುದು, ಸೂಪಿಗೆ ಆಲೂಗಡ್ಡೆ ಹೆಚ್ಚುವುದು, ಮುದುಕರೊಬ್ಬರನ್ನು ಮನೆಯಿಂದ ಕಾರಿನಲ್ಲಿ ಕರೆತರುವುದು, ಹೊರಬಂದವರಿಗೆ ನೀರು ಕೊಡುವುದು. ಬೆಂಕಿ ನೋಡಿಕೊಳ್ಳುವ ಹುಡುಗನೊಬ್ಬ ಇದ್ದ. ಅವನ ಕೆಲಸಕ್ಕೆ ಒಂದು ಹೆಸರಿದೆ: ಒಶ್ಕಾಬೇವಿಸ್. ಆಚರಣೆ ನಡೆಸುವವರ ಸಹಾಯಕ, ಕೈಕೆಳಗೆ ಓಡಾಡುವವನು. ಯಾವ ಕಲ್ಲು ಯಾವಾಗ ಬೇಕು, ಯಾರಿಗೆ ಉಸಿರು ಕಟ್ಟುತ್ತಿದೆ, ಬಾಗಿಲು ಯಾವಾಗ ತೆಗೆಯಬೇಕು, ಎಲ್ಲದರ ಮೇಲೆ ಕಿವಿ ಇಟ್ಟಿರುತ್ತಾನೆ. ಆದರೆ ಒಳಗೆ ನಡೆಯುವುದು ಅವನದಲ್ಲ. ಅವನನ್ನು ನೋಡುತ್ತಾ ಆಲೂಗಡ್ಡೆ ಹೆಚ್ಚುತ್ತಿದ್ದಾಗ, ಓಹೋ, ಇದಲ್ಲವಾ ನನ್ನ ಕೆಲಸ ಅನ್ನಿಸಿತು. ಮೂರು ತಿಂಗಳಿಂದ 'ಹೀಲಿಂಗ್ ಕಲಿಯುತ್ತಿದ್ದೇನೆ' ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಕಲಿತು ನಾಳೆ ಕ್ಲಯಂಟ್‌ಗೆ ಮಾಡುವ ಹಾಗೆ. ನನಗೆ ಯಾರೂ ಅದನ್ನು ಕಲಿಸಲೇ ಇಲ್ಲ, ಕಲಿಸುವುದೂ ಇಲ್ಲ. ಕಲಿಸಿದ್ದು ಯಾರ ಮನೆಗೆ ಕಾರು ತೆಗೆದುಕೊಂಡು ಹೋಗಬೇಕು ಅನ್ನುವುದು. ಅಜ್ಜಿಯ ಬಳಿ ಒಬ್ಬ ತಾಯಿಯನ್ನು ಕರೆದೊಯ್ಯಬೇಕಾದರೆ ನಡುವಿನ ಫಾರಂ, ಪೆಟ್ರೋಲು, ಮಗು ನೋಡಿಕೊಳ್ಳುವವರು, ಕಚೇರಿಯ ಒಪ್ಪಿಗೆ, ಇದೆಲ್ಲ ಜೋಡಿಸುವುದು.

ಮುಂದಿನ ಸಲ ಒಳಗೆ ಹೋದೆ. ಅಲ್ಲಿ ಕೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಅಂತ ಹೇಳಿದ್ದಾರೆ.

ಪಠ್ಯಪುಸ್ತಕಗಳಲ್ಲಿ ಒಂದು ಚಕ್ರದ ಚಿತ್ರ ಇರುತ್ತದೆ. ಹಳದಿ, ಕೆಂಪು, ಕಪ್ಪು, ಬಿಳಿ. ನಾಲ್ಕು ದಿಕ್ಕು, ಮೈ, ಮನಸ್ಸು, ಭಾವ, ಆತ್ಮ. ಮೆಡಿಸಿನ್ ವೀಲ್. ಚಿತ್ರ ಚೆನ್ನಾಗಿದೆ, ಕೆಲವರಿಗೆ ಅದು ನಿಜವಾಗಿ ದಾರಿ ತೋರಿಸಿದೆ. ಆದರೆ ಕಚೇರಿಗಳಿಗೆ ಅದು ಜಾಸ್ತಿ ಇಷ್ಟವಾಗಿಬಿಟ್ಟಿದೆ ಅಂತ ನನ್ನ ಅನುಮಾನ. ಗೋಡೆಗೆ ಅಂಟಿಸಬಹುದು, ಫಾರಂನಲ್ಲಿ ನಾಲ್ಕು ಚೌಕ ಮಾಡಬಹುದು. ಮೀನಿನ ಕಥೆಯನ್ನು ಎಲ್ಲಿ ಅಂಟಿಸುತ್ತೀರಿ?

ಬೇಸಿಗೆಯಲ್ಲಿ ಪೌವೌ, ಅಂದರೆ ಹಾಡು ಕುಣಿತದ ಅವರ ಕೂಟ, ನಡೆಯಿತು. ಜಿಂಗಲ್ ಡ್ರೆಸ್ ಕುಣಿತ ಅಲ್ಲೇ ನೋಡಿದ್ದು. ಲಂಗದ ತುಂಬ ತಗಡಿನ ಸಣ್ಣ ಸಣ್ಣ ಕೊಳವೆಗಳು, ಹೆಜ್ಜೆ ಹಾಕಿದರೆ ತಗಡಿನ ಮಾಡಿನ ಮೇಲೆ ಮಳೆ ಬಿದ್ದ ಸದ್ದು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಕಾಯಿಲೆ ಬಿದ್ದ ಮಗಳಿಗಾಗಿ ಒಬ್ಬ ತಂದೆ ಕಂಡ ಕನಸಿನಿಂದ ಈ ಉಡುಗೆ, ಈ ಕುಣಿತ ಬಂತು ಅಂತ ಹೇಳುತ್ತಾರೆ. ಅದು ತಮ್ಮ ಊರಲ್ಲೇ ಆದದ್ದು ಅಂತ ಒಂಟಾರಿಯೊ ಕಡೆಯವರೂ ಮಿನೆಸೋಟ ಕಡೆಯವರೂ ಪ್ರೀತಿಯಿಂದ ಜಗಳವಾಡುತ್ತಾರೆ. ಆ ಕೊಳವೆಗಳನ್ನು ಮೊದಲು ಯಾವುದರಿಂದ ಮಾಡುತ್ತಿದ್ದರು ಗೊತ್ತಾ? ನಶ್ಯದ ಡಬ್ಬಿಯ ಮುಚ್ಚಳ ಸುತ್ತಿ. ಮತ್ತೆ ಹೊಗೆಸೊಪ್ಪು!

ಅವತ್ತು ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಬ್ಯಾರನ್‌ಗೆ ಬೆಂಕಿ ಹಾಕಿದ್ದರು. ಅಂಗಡಿ ಸಿಗರೇಟನ್ನು ಇಲ್ಲಿನ ಹಿರಿಯರೂ ಬೈಯುತ್ತಾರೆ, ಆದರೆ ಗಂಟು ಕಟ್ಟಿ ಕೊಡುವ ಸೊಪ್ಪು ಬೇರೆ ಅಂತ ಹೇಳಿದೆ. ಕೊಟ್ಟ ಮೇಲೇ ಮಾತು ಕೇಳಬೇಕು ಅಂತ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಸೌದೆ ಸಿಡಿಯುವ ಸದ್ದು ಕೇಳುತ್ತಿತ್ತು.

"ಮಾರಂಗಿಲ್ವಾ?" ಅಂತ ಕೇಳಿದರು.

"ಇಲ್ಲಪ್ಪ. ಕೊಡೋದು ಅಷ್ಟೇ."

"ಹಂಗಾದ್ರೆ ಒಳ್ಳೇದ್ನೇ ಕೊಡವ್ವಾ," ಅಂದರು ಅಪ್ಪ. "ಲೋ ಗ್ರೇಡ್ ಕೊಟ್ಬಿಟ್ಟೀಯ."